ಪಿಕಪ್ ಮಾರುವ ಮೊದಲು

ಕೂಕಲ್ತೊರೈ
೧೯ ಜನವರಿ ೨೦೨೫, ಭಾನುವಾರ

ಮಗನೇ ಸರವಣ,

ನಿನ್ನ ಅಪ್ಪ ರುದ್ರಪ್ಪನ ಆಶೀರ್ವಾದ. ಹೇಗಿದ್ದೀಯಾ? ಬೋಟಿನ ಸೈಲೆನ್ಸರ್ ತಾಗಿ ಎಡಗೈ ಸುಟ್ಟಿತ್ತಲ್ಲ, ಗಾಯ ಒಣಗಿತೇ? ನನಗೆ ಹೇಗೆ ಗೊತ್ತಾಯಿತು ಎಂದುಕೊಳ್ಳಬೇಡ. ಭಾನುವಾರ ನಿನ್ನ ಫೋನ್ ಬಂದ ಕೂಡಲೇ ನಾನು ಎದ್ದು ಹೊರಗೆ ಹೋಗುತ್ತೇನೆ, ಆದರೆ ದೂರ ಹೋಗುವುದಿಲ್ಲ. ಕಿಟಕಿಯ ಕೆಳಗೇ ನಿಂತಿರುತ್ತೇನೆ. ನಿನ್ನ ತಂಗಿ ಸುಗನ್ಯಾ ಫೋನನ್ನು ಸ್ಪೀಕರಿಗೆ ಹಾಕುವುದು ನಿನ್ನ ಅವ್ವೆಗೆ ಕೇಳಲಿ ಎಂದು ಮಾತ್ರವಲ್ಲ ಎನ್ನುವುದು ನನಗೂ ಈಚೆಗೇ ಹೊಳೆಯಿತು.

ಇಲ್ಲಿ ಎಲ್ಲರೂ ಸೌಖ್ಯ. ಹಿಮ ಬಿದ್ದು ಕೆಳಗಿನ ತೋಟದ ಚಹಾ ಗಿಡಗಳ ತುದಿ ಕಪ್ಪಾಗಿದೆ. ಅವ್ವೆಗೆ ಚಳಿಗೆ ಕೈ ನೋವು ಸ್ವಲ್ಪ ಹೆಚ್ಚು, ಬಿಸಿ ನೀರಿನಲ್ಲಿ ಅದ್ದಿಕೊಂಡು ಕೂರುತ್ತಾಳೆ. ಸುಗನ್ಯಾ ಶಾಲೆಗೆ ಪಾಠ ಮಾಡಲು ಹೋಗುತ್ತಾಳೆ, ಸಂಜೆ ಬಂದು ನನಗೂ ಪಾಠ ಮಾಡುತ್ತಾಳೆ. ತಮಿಳಿನಲ್ಲಿ ಬರೆದರೆ ನನ್ನ ಕೈಗೆ ಗ್ಯಾರೇಜಿನ ಬಿಲ್ಲಿನ ಭಾಷೆಯೇ ಬರುತ್ತದೆ. ಅದಕ್ಕೆ ನಿನ್ನ ಅಜ್ಜಿ ಕಲಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೋಟ್ ಇಂಜಿನ್ ರಿಪೇರಿ ಮಾಡಿಕೊಂಡು ಕಾರವಾರದಲ್ಲಿ ಇಷ್ಟು ವರ್ಷ ಇದ್ದ ಮೇಲೆ ನಿನಗೆ ಓದಲು ಕಷ್ಟವಾಗದು. ತಪ್ಪಿದ್ದರೆ ತಿದ್ದಿಕೊಂಡು ಓದು.

ನಮ್ಮ ಹಸಿರು ಪಿಕಪ್ಪನ್ನು ಮಾರಿದೆ. ನಿನ್ನೆ ಶನಿವಾರ ಅದು ಕೊಯಮತ್ತೂರಿಗೆ ಹೋಯಿತು. ಅದು ಯಾರ ಕೈಗೆ ಹೋಯಿತು ಎನ್ನುವುದಕ್ಕಿಂತ ಅದನ್ನು ಮಾರುವ ಮೊದಲು ನಡೆದದ್ದನ್ನು ನಿನಗೆ ಹೇಳಬೇಕು. ಫೋನಿನಲ್ಲಿ ಬಾಯಿ ತಪ್ಪಿಯೂ ಹೇಳಬೇಡಿ, ನಾನೇ ಹೇಳುತ್ತೇನೆ ಎಂದು ಅವ್ವೆಗೂ ಸುಗನ್ಯಾಗೂ ಹೇಳಿ ಇಟ್ಟಿದ್ದೆ.

ಗಿರಿಧರನ್ ಎಂದು ಕೊಯಮತ್ತೂರಿನವರು ಒಬ್ಬರು, ಹಳೆಯ ಗಾಡಿಗಳ ಹುಚ್ಚಿರುವವರು. ಹೋದ ಜೂನಿನಲ್ಲಿ ತಮ್ಮ ಜೀಪಿನ ಕ್ಲಚ್ ಮಾಡಿಸಲು ನಮ್ಮ ಗ್ಯಾರೇಜಿಗೆ ಬಂದವರು ಕೈ ತೊಳೆಯಲು ಹಿಂದಕ್ಕೆ ಹೋದರು. ಅಲ್ಲಿನ ಷೆಡ್ಡಿನಲ್ಲಿ ಗಾಡಿಗೆ ಹೊದಿಸಿದ್ದ ಟಾರ್ಪಾಲು ಎತ್ತಿ ನೋಡಿದ್ದಾರೆ. ಓಡಿ ಬಂದರು. “ಐಯಾ, ಇದು ಫೋರ್‌ವೀಲ್ ಡ್ರೈವ್ ಪಿಕಪ್ಪಲ್ಲವಾ? ಈ ಮಾಡೆಲ್ ಇನ್ನೂ ಉಳಿದಿದೆಯಾ? ಸರಿ ಮಾಡಿ ಕೊಡಿ, ನಾನು ತಗೊಳ್ತೀನಿ.” ಆಗುವುದಿಲ್ಲ ಅಂದೆ. ರಾತ್ರಿ ಊಟಕ್ಕೆ ಕೂತಾಗ ಸುಗನ್ಯಾ, “ಕೊಟ್ಟುಬಿಡಪ್ಪಾ. ಅದು ಅಲ್ಲಿದೆ ಅಂತ ಅವ್ವೆ ಆ ಕಡೆ ಬಟ್ಟೆ ಒಣಗಿಸೋಕೂ ಹೋಗಲ್ಲ” ಅಂದಳು. ಮನೆಯಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ಏಳು ತಿಂಗಳ ಕೆಲಸ. ಇಂಜಿನ್ ಇಳಿಸಿದೆ, ಪಿಸ್ಟನ್ ರಿಂಗು ಬದಲಿಸಿದೆ. ನಜ್ಜುಗುಜ್ಜಾಗಿದ್ದ ಎಡಬದಿಯ ಬಾಗಿಲನ್ನು ತಟ್ಟಿ ತಟ್ಟಿ ನೆಟ್ಟಗೆ ಮಾಡಿದೆ. ಹಿಂದುಗಡೆ ಮೂಟೆ ಹೇರುವ ಜಾಗಕ್ಕೆ ಹೊಸ ಹಲಗೆ, ಮತ್ತೆ ಅದೇ ಹಸಿರು ಪೇಂಟು. ಫೋರ್‌ವೀಲಿನ ಸಣ್ಣ ಗೇರ್ ಇದೆಯಲ್ಲ, ನೀನು ಚಿಕ್ಕವನಿದ್ದಾಗ ಅದರ ಕೆಂಪು ಗುಂಡು ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದೆ, ಅದು ಬೆಣ್ಣೆಯಂತೆ ಬೀಳುವ ಹಾಗೆ ಮಾಡಿದೆ. ಎಲ್ಲ ಮುಗಿಯಿತು, ಬ್ರೇಕ್ ಒಂದು ಬಿಟ್ಟು. ಇವತ್ತು ಮಾಡೋಣ, ನಾಳೆ ಮಾಡೋಣ ಎಂದು ತಳ್ಳುತ್ತಲೇ ಇದ್ದೆ. ಬೇರೆಯವರ ಗಾಡಿ ಬಂದರೆ ನಾನು ಮೊದಲು ಕೈ ಹಾಕುವುದೇ ಬ್ರೇಕಿಗೆ.

ಒಂಬತ್ತು ವರ್ಷದ ಹಿಂದಿನ ಆ ದಿನವನ್ನು ನಿನಗೆ ನೆನಪಿಸಬೇಕಾಗಿಲ್ಲ. ಚಹಾ ಎಲೆಯ ಮೂಟೆ ತುಂಬಿಕೊಂಡು ನೀನೂ ಅವ್ವೆಯೂ ಫ್ಯಾಕ್ಟರಿಗೆ ಇಳಿಯುತ್ತಿದ್ದಿರಿ. ಸಿಲ್ವರ್ ಓಕ್ ತಿರುವಿನಲ್ಲಿ ಗಾಡಿ ತೋಟಕ್ಕೆ ಉರುಳಿತು. ಅವ್ವೆಯ ಬಲಗೈ ಬಾಗಿಲಿನ ಕೆಳಗೆ ಸಿಕ್ಕಿತು. ನೀನು ಹಣೆಯ ರಕ್ತ ಒರೆಸಿಕೊಳ್ಳದೆ, “ಬ್ರೇಕ್ ಹಿಡೀಲಿಲ್ಲಪ್ಪಾ” ಅಂದೆ. ಎಲೆ ತೂಕ ಹಾಕುವ ಷೆಡ್ಡಿನ ಮುಂದೆ, ಊರಿನವರೆಲ್ಲ ನಿಂತಿದ್ದಾಗ, ನಾನು ಅಂದೆ: “ಆ ಬ್ರೇಕ್ ಮಾಡಿದವನು ನಾನು. ಅದು ಹಿಡಿಯುತ್ತೆ. ನಿನ್ನ ಕಾಲು ಹಿಡೀಲಿಲ್ಲ. ಹೆತ್ತವಳ ಕೈ ಮುರಿದು ಬ್ರೇಕಿನ ಮೇಲೆ ಹಾಕ್ತೀಯಾ?” ನೀನು ಆಮೇಲೆ ನನ್ನ ಜೊತೆ ಮಾತು ಬಿಟ್ಟೆ. ನಾಲ್ಕು ತಿಂಗಳು ಅವ್ವೆಗೆ ಊಟ ಮಾಡಿಸಿ, ತಲೆ ಬಾಚಿ, ಅವಳು ಎಡಗೈಯಲ್ಲಿ ಎಲೆ ಕೀಳಲು ಕಲಿತ ಮೇಲೆ ಹೊರಟುಹೋದೆ.

ಪೊಂಗಲಿಗೆ ಎರಡು ದಿನ ಮುಂಚೆ ಗಾಡಿಯ ಕೆಳಗೆ ಮಲಗಿದೆ. ಅವ್ವೆ ಚಹಾ ತಂದವಳು ಅಲ್ಲೇ ಕೂತು ಎಡಗೈಯಲ್ಲಿ ಟಾರ್ಚು ಹಿಡಿದಳು. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪಿನಲ್ಲಿ ನಾನು ಹಾಕಿದ್ದ ಹಿತ್ತಾಳೆ ಬೆಸುಗೆ ಕಂಡಿತು. ಅದನ್ನು ಹಾಕಿದ ವಾರ ಹೊಸ ಪೈಪ್ ಬಂದಿರಲಿಲ್ಲ, ಎಲೆ ಕೊಯ್ಲು ಜೋರಿತ್ತು, ನಾಲ್ಕು ದಿನದ ಮಟ್ಟಿಗೆ ಸಾಕು ಎಂದು ಬೆಸೆದಿದ್ದೆ. ಆಮೇಲೆ ಮರೆತೆ. ಬೆಸುಗೆಯ ಸುತ್ತ ಅರ್ಧಕ್ಕೆ ಬಿರುಕು. ಗಾಡಿ ಉರುಳಿ ಒಡೆದದ್ದಾದರೆ ಪೈಪ್ ಬಾಗಿರಬೇಕು. ಅದು ನೆಟ್ಟಗಿತ್ತು. ಬ್ರೇಕ್ ಆಯಿಲ್ ಸೋರಿ ಅಡಿಯ ಚಾಸಿಯ ಪೇಂಟು ಗುಳ್ಳೆ ಎದ್ದಿತ್ತು. ಆ ಹಳೆಯ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಒಂದು ಕಡೆ ಸೋರಿದರೆ ಎಲ್ಲ ಹೋಯಿತು ಎಂದು ನಿನಗೆ ಕಲಿಸಿದವನೇ ನಾನು.

ಹೊರಗೆ ಬರಲಾಗಲಿಲ್ಲ. ಅಲ್ಲೇ ಮಲಗಿದ್ದೆ. ಅವ್ವೆ ಬಗ್ಗಿ ನೋಡಿ, “ಏನು ಸಿಕ್ಕಿತು?” ಅಂದಳು. ಹೇಳಿದೆ. ಅವಳು ಟಾರ್ಚು ಆರಿಸಿದಳು. “ಅವನು ಪೆಡಲ್ ಒತ್ತಿದ್ದನ್ನ ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ನೆಲಕ್ಕೆ ತಾಗೋ ಹಂಗೆ, ಮೂರು ಸಲ. ಆಸ್ಪತ್ರೇಲೇ ನಿಮಗೆ ಹೇಳಿದೆ. ನೀವು ಎದ್ದು ಹೊರಗೆ ಹೋದಿರಿ.”

ಹೋಗಿದ್ದೆ, ನಿಜ. ಈ ಬೆಟ್ಟದ ಮೇಲೆ ಯಾರ ಗಾಡಿ ಉರುಳಿದರೂ ಏಕೆ ಉರುಳಿತು ಎಂದು ಬಿಚ್ಚಿ ನೋಡಲು ನನ್ನನ್ನು ಕರೆಯುತ್ತಾರೆ. ನಮ್ಮದೇ ಗಾಡಿಯನ್ನು ನಾನು ಒಂಬತ್ತು ವರ್ಷ ಬಿಚ್ಚಲಿಲ್ಲ. ಮರೆತು ಬಿಟ್ಟದ್ದಲ್ಲ ಸರವಣ, ಹೆದರಿ ಬಿಟ್ಟದ್ದು.

ಮರುದಿನ ಬೆಳಿಗ್ಗೆ ಎಲೆ ತೂಕದ ಹೊತ್ತಿಗೆ ಆ ಪೈಪಿನ ತುಂಡು ಹಿಡಿದುಕೊಂಡು ಅದೇ ತೂಕದ ಷೆಡ್ಡಿಗೆ ಹೋದೆ. ಅವತ್ತು ನೋಡಿದವರಲ್ಲಿ ಅರ್ಧ ಜನ ಅಲ್ಲಿದ್ದರು. ತಕ್ಕಡಿಯ ಹತ್ತಿರ ಇನ್ನೂ ಅದೇ ಧರ್ಮಲಿಂಗಂ. ತಪ್ಪು ನನ್ನದು, ನನ್ನ ಮಗನದಲ್ಲ ಅಂದೆ. ಧರ್ಮಲಿಂಗಂ ತುಂಡನ್ನು ತಿರುಗಿಸಿ ನೋಡಿ ನನ್ನ ಕೈಗೆ ವಾಪಸ್ ಕೊಟ್ಟ. “ಅಣ್ಣಾ, ನಮಗೂ ಅವತ್ತು ಹಂಗೇ ಅನ್ನಿಸಿತ್ತು. ನಿಮ್ಮ ಬಾಯಿಗೆ ಹೆದರಿ ಸುಮ್ಮನಿದ್ದೆವು.” ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೇನೋ.

ಹೊಸ ಪೈಪ್ ಹಾಕಿದೆ, ಈ ಸಲ ಒಂದೇ ಉದ್ದದ್ದು, ಬೆಸುಗೆಯಿಲ್ಲದ್ದು. ಗಿರಿಧರನ್ ಬಂದಾಗ ಗಾಡಿ ಉರುಳಿದ್ದನ್ನೂ ಅದರ ಕಾರಣವನ್ನೂ ಮೊದಲೇ ಹೇಳಿಬಿಟ್ಟೆ. ಅವರು, “ಹಾಗಾದರೆ ಅದೇ ಇಳಿಜಾರಿನಲ್ಲಿ ಓಡಿಸಿ ತೋರಿಸಿ ಐಯಾ” ಅಂದರು. ಕೇಳುವುದು ನ್ಯಾಯವೇ. ನಾನು ಕೀಲಿ ತಗೊಂಡು ಹೊರಗೆ ಬರುವಷ್ಟರಲ್ಲಿ ಅವ್ವೆ ಶಾಲು ಹೊದ್ದು ಗಾಡಿಯ ಹತ್ತಿರ ನಿಂತಿದ್ದಳು. ಬೇಡ ಸರೋಜಾ ಅಂದೆ. “ಮಗ ಓಡಿಸಿದಾಗ ಕೂತೆ. ನೀವು ಓಡಿಸಿದಾಗ ಕೂರಬಾರದಾ?” ಎಂದು ಹತ್ತಿ ಕೂತಳು. ಗಿರಿಧರನ್ ಹಿಂದೆ ಹಲಗೆ ಹಿಡಿದು ನಿಂತರು. ಅದೇ ತಿರುವು ಬಂತು. ಬ್ರೇಕ್ ಒತ್ತಿದೆ. ಗಾಡಿ ನಿಂತಿತು. ಕೆಳಗೆ ತೋಟದಲ್ಲಿ ಎಲೆ ಕೀಳುವವರು ತಲೆಯೆತ್ತಿ ನೋಡಿದರು. ಅವ್ವೆ ಮುಂದಿನ ಗಾಜನ್ನೇ ನೋಡುತ್ತಾ, “ಇಲ್ಲೇ ಅವನು ಸ್ಟೇರಿಂಗನ್ನ ಬೆಟ್ಟದ ಕಡೆ ತಿರುಗಿಸೋಕೆ ನೋಡಿದ. ಕೈಲಾದಷ್ಟು ಮಾಡಿದ” ಅಂದಳು. ಆಮೇಲೆ ನಾವಿಬ್ಬರೂ ಅತ್ತೆವು. ಗಿರಿಧರನ್ ಒಳ್ಳೆಯ ಮನುಷ್ಯ, ಕೆಳಗಿಳಿದು ಟೈರು ನೋಡುವವರಂತೆ ಆಚೆ ಹೋದರು.

ಗಾಡಿ ಹೋದ ಮೇಲೆ ಅವ್ವೆ ಹಿಂದಿನ ಷೆಡ್ಡು ಗುಡಿಸಿ ಬಟ್ಟೆ ಒಣಗಿಸಲು ಹಗ್ಗ ಕಟ್ಟಿಸಿದ್ದಾಳೆ.

ಪೈಪಿನ ಆ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನೀನು ಕೆಲಸ ಬಲ್ಲವನು, ನೋಡಿದರೆ ಗೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ಎಂದಾದರೂ ಒಂದು ದಿನ, ‘ನನ್ನ ಕಾಲೇ ತಪ್ಪಿತೇನೋ’ ಎಂದು ನಿನಗೇ ಅನ್ನಿಸಿದ್ದಿದ್ದರೆ, ಇವತ್ತಿಗೆ ಅದನ್ನು ಬಿಟ್ಟುಬಿಡು. ನಿನ್ನ ಕಾಲು ಸರಿಯಾಗಿಯೇ ಒತ್ತಿತ್ತು.

ಸಮುದ್ರದ ಗಾಳಿಗೆ ಸ್ಪಾನರುಗಳು ಬೇಗ ತುಕ್ಕು ಹಿಡಿಯುತ್ತವಂತೆ, ಎಣ್ಣೆ ಸವರಿ ಇಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸವಣ್ಣ ನಿನ್ನನ್ನು ಕಾಯಲಿ. ಅವ್ವೆಯ ಮುತ್ತು, ಸುಗನ್ಯಾಳ ನೆನಪುಗಳು.

ನಿನ್ನ ಅಪ್ಪ
ರುದ್ರಪ್ಪ

ವಿ.ಸೂ.: ಸೋಮವಾರ ಬೆಳಿಗ್ಗೆ, ಪೋಸ್ಟ್ ಆಫೀಸಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ, ಚೀಲ ಕಟ್ಟುತ್ತಿದ್ದಾರೆ. ಸುಗನ್ಯಾ ಇದನ್ನು ಓದಿ, “ಬ್ರೇಕಿನ ಕಥೆಯೆಲ್ಲ ಬರೆದಿದ್ದೀಯಾ, ಕ್ಷಮೆ ಮಾತ್ರ ಕೇಳಲೇ ಇಲ್ಲವಲ್ಲಪ್ಪಾ” ಅಂದಳು. ಅದು ಕಾಗದದಲ್ಲಿ ಕೇಳುವ ಮಾತಲ್ಲ. ಮೂವತ್ತನೇ ತಾರೀಕು, ಗುರುವಾರ, ನಾನೂ ಅವ್ವೆಯೂ ರೈಲಿನಲ್ಲಿ ಕಾರವಾರಕ್ಕೆ ಬರುತ್ತಿದ್ದೇವೆ. ಟಿಕೆಟ್ ಆಗಿದೆ. ಹೇಳಿದರೆ ನೀನು ಬೋಟು ಹತ್ತಿ ಹೋಗಿಬಿಡುತ್ತೀಯ ಎಂದು ಅವ್ವೆಗೆ ಭಯ, ನನಗೆ ಹೇಳದೆ ಬರುವುದು ಸರಿ ಕಾಣಲಿಲ್ಲ. ಸ್ಟೇಷನ್ನಿಗೆ ಬರಬೇಕೆಂದಿಲ್ಲ, ಕೇಳಿಕೊಂಡು ಬರುತ್ತೇವೆ. ಅವತ್ತು ಎಲ್ಲರ ಮುಂದೆ ಅಂದವನು ನಾನು, ಈಗಲೂ ನಿನ್ನ ಜೊತೆ ಕೆಲಸ ಮಾಡುವವರೆಲ್ಲ ಇರುವ ಹೊತ್ತಿಗೇ ಬರುತ್ತೇನೆ. ಅಷ್ಟು ಹೊತ್ತು ನೀನು ಅಲ್ಲಿದ್ದರೆ ಸಾಕು.