ಹತ್ತೊಂಬತ್ತನೇ ಓತಿಕ್ಯಾತ

ಮಾರ್ಚ್ ೧೪, ಶನಿವಾರ

ಆ ಒಂದೇ ತೂತು ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಅಪಾರ್ಟ್‌ಮೆಂಟುಗಳ ಹಿಂದಿನ ಬಂಡೆಗುಡ್ಡದಲ್ಲಿ ಓತಿಕ್ಯಾತಗಳು ನೂರೂ ಉಳಿದಿಲ್ಲ. ಅವನ್ನು ಯಾರು ತಿಂದು ಮುಗಿಸುತ್ತಿದ್ದಾರೆಂದು ತಿಳಿಯಲು ನಾವು ಲ್ಯಾಬಿನವರು ಮಣ್ಣಿನ ಓತಿಕ್ಯಾತ ಮಾಡಿ ಬಂಡೆಗಳ ಮೇಲಿಡುತ್ತೇವೆ. ಕಚ್ಚಿದವರ ಹಲ್ಲು ಹಸಿಮಣ್ಣಿನಲ್ಲಿ ಅಚ್ಚೊತ್ತಿರುತ್ತದೆ. ಈ ಸಲ ಬೆಕ್ಕಿನ ಹಲ್ಲೇ ಹೆಚ್ಚು. ಹೋದ ವಾರ ನಿವಾಸಿಗಳ ಸಭೆಯಲ್ಲಿ ಎಲ್ಲರೆದುರು ಪಕ್ಕದ ಮನೆಯ ಅಜ್ಜಿಯತ್ತ ಬೆರಳು ತೋರಿಸಿದವಳು ನಾನು.

"ನಮ್ ಬೆಕ್ಕಿಗೆ ಮೆಟ್ಟಿಲಿಳಿಯೋಕೇ ಆಗಲ್ಲಮ್ಮ," ಎಂದರು ಅಜ್ಜಿ. "ಆದ್ರೂ ನೀನು ಓದಿದೋಳು. ಕಟ್ಟಿ ಹಾಕ್ತೀನಿ ಬಿಡು."

ಇವತ್ತು ಲ್ಯಾಬಿನಲ್ಲಿ ಹತ್ತೊಂಬತ್ತನೆಯದನ್ನು ದೀಪದಡಿ ಹಿಡಿದೆ. ಬಲ ಕೋರೆಹಲ್ಲಿನ ತೂತು ಆಳವಾಗಿತ್ತು, ಎಡಗಡೆ ಏನೂ ಇರಲಿಲ್ಲ. ಬಾಲ್ಕನಿಯಿಂದ ಬಿದ್ದು ಎಡಗೋರೆ ಮುರಿದುಕೊಂಡವನು ನನ್ನ ಬೆಕ್ಕು, ಒಂಟಿಹಲ್ಲ. ದಿನಾ ಬೆಳಿಗ್ಗೆ "ಹೋಗ್ ಬಾರೋ ರಾಜ" ಎಂದು ಬಾಗಿಲು ತೆಗೆಯುವುದೂ ನಾನೇ.

"ಏನದು, ಬೆಕ್ಕಾ?" ಎಂದು ಪಕ್ಕದ ಮೇಜಿನವಳು ಕೇಳಿದಳು.

"ಗೊತ್ತಾಗ್ತಿಲ್ಲ ಕಣೆ," ಎನ್ನುತ್ತಲೇ ತೂತಿನ ಮೇಲೆ ಬೆರಳೊತ್ತಿ ಸವರಿಬಿಟ್ಟೆ. ಹನ್ನೊಂದು ವರ್ಷದ ಕೆಲಸದಲ್ಲಿ ಮೊದಲ ಸಲ. ಈಗ ಅಲ್ಲಿ ಹಲ್ಲಿನ ಗುರುತಿಲ್ಲ, ನನ್ನ ಹೆಬ್ಬೆಟ್ಟಿನ ಗುರುತಿದೆ.

ಗೋಡೆಯಾಚೆ ಅಜ್ಜಿಯ ಬೆಕ್ಕು ಸಂಜೆಯಿಂದ ಒಂದೇ ಸಮ ಅರಚುತ್ತಿದೆ. ನನ್ನವನು ನನ್ನ ಪಾದದ ಮೇಲೆ ಹೊಟ್ಟೆ ತುಂಬಿದವನಂತೆ ಮಲಗಿದ್ದಾನೆ. ಪಾದ ಜೋಮು ಹಿಡಿದಿದೆ, ಆದರೂ ಎಳೆದುಕೊಳ್ಳಲು ಮನಸ್ಸಿಲ್ಲ.

ಬೆಳಿಗ್ಗೆ ಅಜ್ಜಿಯ ಬಾಗಿಲು ತಟ್ಟಲೇಬೇಕು. ಇವನನ್ನು ಹೊರಗೆ ಬಿಟ್ಟ ಮೇಲೆ ಹೋದರೆ... ಥೂ, ಬಿಡಬಾರದು. ಬಿಡುವುದಿಲ್ಲ. ಆದರೆ ಅವನು ಬಂದು ಬಾಗಿಲು ಕೆರೆದು, ನನ್ನ ಮುಖವನ್ನೇ ನೋಡುತ್ತಾ ಕೂತರೆ ನಾನು...