ಉದಾಹರಣೆ ವಾಕ್ಯಗಳು

ಸೋಮವಾರ, ಹದಿನೇಳನೇ ತಾರೀಖು

ಪ್ರೀತಿಯ ಪುಟ್ಟಿ,

ಅಕ್ಕನ ಆಶೀರ್ವಾದಗಳು. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಬೇಜಾರು ಮಾಡಿಕೊಳ್ಳಬೇಡ. ಕೈಯಲ್ಲಿ ಒಂದು ಕೆಲಸವಿತ್ತು. ಅದನ್ನು ಮುಗಿಸದೆ ಯಾರಿಗೂ ಏನೂ ಬರೆಯಬಾರದು ಅಂದುಕೊಂಡಿದ್ದೆ.

ಹತ್ತಿರದ ಅರ್ಥದ ಇಂಗ್ಲಿಷ್ ಪದಗಳ ನಮ್ಮ ನಿಘಂಟು ನಿನಗೇನೂ ಹೊಸದಲ್ಲ, ಅಲ್ಲಿ ಶಾಖೆಯಲ್ಲಿ ಕೂತು ಅದರ ಮೊದಲರ್ಧದ ಪ್ರೂಫ್ ತಿದ್ದಿದವಳೇ ನೀನು. ಹನ್ನೊಂದು ವರ್ಷ ನಾನು ಕಾರ್ಡು ಬರೆದೆ. ಹಿಯರ್ ಅಂದರೆ ಕಿವಿಗೆ ಬೀಳುವುದು, ಲಿಸನ್ ಅಂದರೆ ಕಿವಿಗೊಡುವುದು. ಹೀಗೆ ಜೋಡಿಗೊಂದು ಕಾರ್ಡು, ಕೆಳಗೆ ಉದಾಹರಣೆ ವಾಕ್ಯ. ಅರ್ಧ ಪುಸ್ತಕ ಅಚ್ಚಿಗೆ ಹೋದಮೇಲೆ ಶೀರ್ಷಿಕೆ ಪುಟದ ಎರಡನೇ ಪ್ರೂಫ್ ಬಂತು. ಮೊದಲನೆಯದರಲ್ಲಿ ಅಚ್ಚಾಗಿದ್ದ ನನ್ನ ಹೆಸರು ಅದರಲ್ಲಿ ಇರಲಿಲ್ಲ. ಬರೀ ಸಂಪಾದಕರದು.

ಕೇಳಿದ್ದಕ್ಕೆ, "ಪುಟ ಚಿಕ್ಕದಮ್ಮ, ಜಾಗ ಸಾಲಲಿಲ್ಲ. ಕೆಲಸ ಮುಖ್ಯ ಅಲ್ವಾ, ಹೆಸರು ಯಾಕೆ?" ಅಂದರು. ಅವರ ಹೆಸರಿನ ಹಿಂದೆ ಮುಂದೆ ಆರು ಪದವಿಗಳು ಆರಾಮಾಗಿ ಕಾಲು ಚಾಚಿ ಮಲಗಿದ್ದವು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಮನುಷ್ಯ ಐವತ್ತು ಕಾರ್ಡಿನ ಕಟ್ಟಿನಲ್ಲಿ ಮೇಲಿನ ಒಂದನ್ನು ಓದಿ, 'ಎಲ್ಲವನ್ನೂ ಪರಿಶೀಲಿಸಿದ್ದೇನೆ' ಅಂತ ಇಡೀ ಕಟ್ಟಿಗೆ ಸಹಿ ಹಾಕುವವರು. ಉಳಿದರ್ಧ ಪುಸ್ತಕದ ಕಟ್ಟುಗಳಲ್ಲಿ ಮೇಲಿನ ಕಾರ್ಡು ಬಿಟ್ಟು, ಕೆಳಗಿನವುಗಳ ಉದಾಹರಣೆ ಬದಲಿಸಿದೆ. ಅರ್ಥಗಳನ್ನು ಮುಟ್ಟಲಿಲ್ಲ, ಓದುವ ಮಕ್ಕಳಿಗೆ ಮೋಸವಾಗಬಾರದು. ಉದಾಹರಣೆಗಳಲ್ಲೂ ಒಂದು ಸುಳ್ಳಿಲ್ಲ. ಆ ಎರಡು ತಿಂಗಳು ಮಾಡಿದಷ್ಟು ಖುಷಿಯಾಗಿ ನಾನು ಯಾವತ್ತೂ ಊಟ ಮಾಡಿಲ್ಲ.

ರಿಪೀಟ್ ಅಂದರೆ ಮತ್ತೆ ಹೇಳುವುದು, ರಿವೈಸ್ ಅಂದರೆ ತಿದ್ದಿ ಹೇಳುವುದು: 'ನಮ್ಮ ಸಂಪಾದಕರು ಒಂದೇ ಭಾಷಣವನ್ನು ಇಪ್ಪತ್ತು ವರ್ಷದಿಂದ ರಿಪೀಟ್ ಮಾಡುತ್ತಾರೆ, ರಿವೈಸ್ ಮಾಡುವುದಿಲ್ಲ.' ರಾಬ್ ಅಂದರೆ ಎದುರು ನಿಂತು ಕಿತ್ತುಕೊಳ್ಳುವುದು, ಸ್ಟೀಲ್ ಅಂದರೆ ಕಾಣದಂತೆ ಒಯ್ಯುವುದು: 'ನಮ್ಮ ಸಂಪಾದಕರು ಗ್ರಂಥಾಲಯದ ಹದಿನಾಲ್ಕು ಪುಸ್ತಕಗಳನ್ನು ಕೋಟಿನೊಳಗಿಟ್ಟು ಸ್ಟೀಲ್ ಮಾಡಿದರು.'

ಬಿಡುಗಡೆಯ ಸಭೆಯಲ್ಲಿ ಕಾಲೇಜಿನ ಮೇಡಂ ಒಬ್ಬರು ಪುಸ್ತಕವನ್ನು ಹೊಗಳುತ್ತ, "ಎಷ್ಟು ಸೊಗಸಾದ ಉದಾಹರಣೆಗಳು ನೋಡಿ" ಅಂತ ಕೈಗೆ ಸಿಕ್ಕ ಪುಟ ತೆರೆದು ಮೈಕಿನಲ್ಲಿ ಓದಿಬಿಟ್ಟರು. ಮೂರನೇ ಸಾಲಿನಲ್ಲಿದ್ದ ಗ್ರಂಥಪಾಲಕರು ಎದ್ದು ನಿಂತು, "ಹದಿನಾಲ್ಕಲ್ಲ, ಹದಿನಾರು" ಅಂದರು.

ಸಂಪಾದಕರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ನನ್ನ ಕಡೆ ತಿರುಗಿ, "ಇದೆಲ್ಲ ಬರೆದದ್ದು ನೀವೇ ಅಲ್ವಾ?" ಅಂದರು.

"ನಾನು ಬರೆದಿದ್ರೆ ನನ್ನ ಹೆಸರು ಇರ್ತಿತ್ತಲ್ಲ ಸಾರ್" ಅಂದೆ.

ಪ್ರಕಾಶನದ ಯಜಮಾನರು ಕಾರ್ಡುಗಳನ್ನು ತರಿಸಿ ನೋಡಿದರು. ಪ್ರತಿ ಕಟ್ಟಿಗೂ ಸಂಪಾದಕರದೇ ಸಹಿ. ಆ ವಾರವೇ ಅವರನ್ನು ಮನೆಗೆ ಕಳಿಸಿದರು. ಎರಡನೇ ಮುದ್ರಣ ನನ್ನ ಹೆಸರಿನಲ್ಲಿ ಬರುತ್ತದೆ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ಮಕ್ಕಳಿಗೆ ದೊಡ್ಡಮ್ಮನ ಮುತ್ತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಎರಡನೇ ಮುದ್ರಣಕ್ಕೆಂದು ಮೊನ್ನೆ ಹಳೆಯ ಪ್ರೂಫ್ ಕಟ್ಟುಗಳನ್ನು ಬಿಚ್ಚಿದೆ. ಶೀರ್ಷಿಕೆ ಪುಟದ ಮೊದಲ ಪ್ರೂಫಿನಲ್ಲಿ ನನ್ನ ಹೆಸರಿನ ಪಕ್ಕ ಸಂಪಾದಕರು ಪೆನ್ಸಿಲಿನಲ್ಲಿ 'ಇದು ಇರಬೇಕೇ?' ಅಂತ ನಿನ್ನನ್ನು ಕೇಳಿದ್ದಾರೆ. ಕೆಳಗೆ ನಿನ್ನ ದುಂಡು ಅಕ್ಷರ: 'ಬೇಡ. ಅಕ್ಕ ಬರೀ ನಕಲು ಮಾಡಿಕೊಟ್ಟವಳು.' ಆ ಅಕ್ಷರ ತಿದ್ದಿಸಿದವಳು ನಾನು, ಪುಟ್ಟಿ. ಅದೇ ತಿಂಗಳು ನೀನು ಶಾಖೆಯ ಮುಖ್ಯಸ್ಥೆಯಾದೆ, ನನ್ನ ತಂಗಿ ಅಂತ ನಾನು ಕಚೇರಿಯಲ್ಲೆಲ್ಲ ಹೇಳಿಕೊಂಡು ಓಡಾಡಿದೆ. ಹೊಸ ಮುದ್ರಣಕ್ಕೆ ಒಂದು ಕಾರ್ಡು ಸೇರಿಸುತ್ತಿದ್ದೇನೆ. ಡಿಸೀವ್ ಅಂದರೆ ಮೋಸ, ಯಾರಿಗೆ ಬೇಕಾದರೂ ಮಾಡಬಹುದು. ಬಿಟ್ರೇ ಅಂದರೆ ದ್ರೋಹ, ಅದನ್ನು ಮಾಡಬೇಕಾದರೆ ಅವರು ನಿನ್ನನ್ನು ನಂಬಿರಬೇಕು. ಉದಾಹರಣೆಯ ಸಾಲನ್ನು ಖಾಲಿ ಬಿಟ್ಟು ನಿನ್ನ ಮೇಜಿಗೆ ಕಳಿಸುತ್ತೇನೆ. ನೀನೇ ತುಂಬಿಸು. ಅದರಲ್ಲಿ ಅಕ್ಕ ಅನ್ನುವ ಪದ ಮಾತ್ರ ಬಳಸಬೇಡ.