ಮಚ್ಚೆ ನಾಲಿಗೆಯ ಲೆಕ್ಕ

ಲಿಂಗಸುಗೂರು
೧೪-೫-೧೯೪೫

ಪ್ರೀತಿಯ ಅಣ್ಣ,

ನಿನ್ನ ಕೆಮ್ಮು ಹೇಗಿದೆ? ಖಾನಾವಳಿಯ ಊಟ ಒಗ್ಗಿತೇ? ರಜೆಗೂ ಬಾರದೆ ಹೈದರಾಬಾದಿನಲ್ಲೇ ಕೂತು ಎರಡನೇ ಸಲದ ಪರೀಕ್ಷೆಗೆ ಓದುತ್ತಿದ್ದೀಯೆಂದು ಅವ್ವ ದಿನಾ ಮರುಗುತ್ತಾಳೆ. ಇಲ್ಲಿ ನಾವೆಲ್ಲ ಆರಾಮ, ನನ್ನನ್ನು ನೋಡಲು ಬಂದವರು ಬೇಡ ಎಂದು ಹೋದದ್ದೊಂದು ಬಿಟ್ಟರೆ. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ನೀನು ಬಿಟ್ಟುಹೋದ ಭೌತಶಾಸ್ತ್ರದ ಉರ್ದು ಪುಸ್ತಕದಲ್ಲಿ, ಕಂಬಿ ಕಾದು ಉದ್ದವಾಗುವ ಲೆಕ್ಕಗಳನ್ನು ಮುಗಿಸಿ ಗಾಳಿಯ ಲೆಕ್ಕಗಳಿಗೆ ಬಂದಿದ್ದೆ. ಮನೆಯಲ್ಲೇ ಓದಿ ಮೆಟ್ರಿಕ್ ಪರೀಕ್ಷೆಗೆ ಕೂರುತ್ತೇನೆ ಎಂದರೆ ಅಪ್ಪ, "ಮದುವಿ ಆಗಲಿ, ನಿನ್ನ ಗಂಡ ಏನಂತಾನ ಕೇಳೂಣು" ಅನ್ನುತ್ತಾರೆ. ಆ ಗಂಡನಾಗಬೇಕಿದ್ದವನು ಸಿಂಧನೂರಿನ ಲಾಲಪ್ಪ. ನೋಡಲು ಬರುವ ಹಿಂದಿನ ದಿನ ಅವರೆಲ್ಲರೂ ಮಸ್ಕಿಯಲ್ಲಿ ತಂಗಿದ್ದರಂತೆ. ಹಿರಿಯರು ಬಸ್ಸಿಗೆ ಬಂದರು. ಹುಡುಗ ಮಾತ್ರ ನಸುಕಿನ ತಂಪಿನಲ್ಲಿ ಚಕ್ರಗಳಿಗೆ ಗಾಳಿ ಬಿಗಿಯಾಗಿ ತುಂಬಿಕೊಂಡು ಸೈಕಲ್ಲಿನ ಮೇಲೆ ಬಂದ. ಅಂಗಳದ ಸುಡುಬಿಸಿಲಿನಲ್ಲೇ ಅದನ್ನು ನಿಲ್ಲಿಸಿ ಒಳಗೆ ಬಂದು ಕೂತ.

ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂದು ಅವ್ವ ಹೇಳಿಕೊಟ್ಟಿದ್ದಳು. ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಿದ್ದೆ. ಬಾಗಿಲಾಚೆ ಸೈಕಲ್ಲು ಕಾಣುತ್ತಿತ್ತು. ನಸುಕಿಗೆ ಇಪ್ಪತ್ತೇಳು ಡಿಗ್ರಿ, ಈಗ ಕಾದ ಟೈರು ಐವತ್ತನಾಲ್ಕು ಇದ್ದೀತು; ಅಂದರೆ ಒಳಗಿನ ಒತ್ತಡ ಎರಡು ಪಟ್ಟು! ತಡೆಯಲಾಗಲಿಲ್ಲ. "ಸೈಕಲ್ ನೆಳ್ಳಿಗೆ ನಿಲ್ಲಸ್ರೀ, ಟ್ಯೂಬ್ ಒಡೀತೈತಿ" ಅಂದುಬಿಟ್ಟೆ. ಎಲ್ಲರೂ ನಕ್ಕರು. ಶೇಂಗಾ ಉಂಡೆ ಬಾಯಿಗೆ ಹೋಗುವಷ್ಟರಲ್ಲಿ ಹೊರಗೆ ಢಂ ಎಂದಿತು.

ಹುಡುಗನ ಸೋದರತ್ತೆ ಆದಮ್ಮ ಎದ್ದು ಬಂದು ನನ್ನ ಗದ್ದ ಹಿಡಿದು, "ನಾಲಗಿ ತಗಿ, ನೋಡೂಣು" ಅಂದಳು. ತುದಿಯ ಕರಿ ಚುಕ್ಕೆ ನಿನಗೆ ಗೊತ್ತಲ್ಲ. "ಮಚ್ಚಿ ನಾಲಗಿ ಐತ್ರೀ! ಅಂದದ್ದು ಆಗ್ತೈತಿ. ಇಂಥಾಕೀನ ಮನಿಗೆ ಹೆಂಗ ಕರಕೊಂಡು ಹೋಗೂದು?" ಎಂದು ಎಲ್ಲರನ್ನೂ ಎಬ್ಬಿಸಿದಳು. ಲಾಲಪ್ಪ ಪಾಪ, ಸೈಕಲ್ಲು ತಳ್ಳಿಕೊಂಡು ಹೋದ.

ತಮಾಷೆಯೆಂದರೆ ನನ್ನ ಲೆಕ್ಕವೇ ತಪ್ಪು. ಸಂಜೆ ಮತ್ತೆ ಮಾಡಿದಾಗ, ಗಾಳಿಯ ಲೆಕ್ಕದಲ್ಲಿ ಮೊದಲು ಎರಡೂ ಡಿಗ್ರಿಗಳಿಗೆ ಇನ್ನೂರ ಎಪ್ಪತ್ತಮೂರು ಕೂಡಿಸಬೇಕೆಂಬುದನ್ನೇ ಮರೆತದ್ದು ತಿಳಿಯಿತು. ಒತ್ತಡ ಹೆಚ್ಚುವುದು ಹತ್ತರಲ್ಲೊಂದು ಪಾಲೂ ಅಲ್ಲ. ಟ್ಯೂಬಿನ ಹಳೇ ತೇಪೆ ಬಿಟ್ಟಿರಬೇಕು. ಇದನ್ನು ಯಾರಿಗೆ ಹೇಳಲಿ? ಮರುದಿನ ಅಪ್ಪ ಪುಸ್ತಕವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಹುಡುಗ ಹೋದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಪುಸ್ತಕ ಹೋದದ್ದಕ್ಕೆ ಅಳು ಬಂತು.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಅಯ್ಯಮ್ಮ

ತಾ.ಕ.: ಕಾಗದ ಮಡಚುವಾಗ ಅಪ್ಪ ಬಂದರು. ಬಾಗಿಲು ಮುಂದೆ ಮಾಡಿ ಮೆಲ್ಲಗೆ, "ನಿಮ್ಮಣ್ಣ ಈ ಸಲ ಪಾಸ್ ಆಗ್ತಾನಂತ ಒಂದ್ ಮಾತು ಅನ್ನವ್ವ" ಅಂದರು. ಮೆಟ್ರಿಕ್‌ಗೆ ಕೂರಿಸಿದರೆ ಅನ್ನುತ್ತೇನೆ ಎಂದೆ. ಒಪ್ಪಿ, ಪೆಟ್ಟಿಗೆಯ ಬೀಗದ ಕೈ ಕೊಟ್ಟರು. ಅಂದುಬಿಟ್ಟಿದ್ದೇನೆ. ಅಣ್ಣ, ಕೈಮುಗಿಯುತ್ತೇನೆ, ಓದು.